ಕಿವಿಗೆ ಹೂ ಇಡಿಸಿಕೊಳ್ಳದೆ ಗೇಮಿಂಗ್ ಹೆಡ್‌ಫೋನ್ ಆರಿಸುವುದು ಹೇಗೆ?

ನಾನು ಮೊದಲು ಕೊಂಡ ಗೇಮಿಂಗ್ ಹೆಡ್‌ಸೆಟ್‌ನ ಡಬ್ಬದ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ 7.1 ಎಂದು ಬರೆದಿತ್ತು, ಅಂದರೆ ಸುತ್ತ ಎಂಟು ಸ್ಪೀಕರ್ ಇಟ್ಟ ಹಾಗೆ ಕೇಳಿಸುತ್ತದೆ ಎಂಬ ಮಾತು. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯವನು ಅದನ್ನು ನನ್ನ ತಲೆಗೆ ಹಾಕಿ, ಯಾವುದೋ ಸಿನಿಮಾದ ಸ್ಫೋಟದ ಸದ್ದು ಕೇಳಿಸಿ, "ಹೆಂಗಿದೆ ಸರ್ ಬೇಸು?" ಅಂದ. ತಲೆಬುರುಡೆ ಅದುರಿತು, ದುಡ್ಡು ಕೊಟ್ಟು ಬಂದೆ. ಮನೆಯಲ್ಲಿ ಕೌಂಟರ್-ಸ್ಟ್ರೈಕ್ ಹಚ್ಚಿದರೆ ಹಿಂದಿನಿಂದ ಬಂದವನ ಹೆಜ್ಜೆ ಮುಂದಿನಿಂದ ಬಂದ ಹಾಗೆ ಕೇಳುತ್ತಿತ್ತು. ಬಾಗಿಲಿಗೆ ಗುರಿಯಿಟ್ಟು ಕೂತರೆ ಬೆನ್ನಿಗೆ ಗುಂಡು. ಕಿವಿಕಪ್ಪಿನ ನೇರಳೆ ದೀಪ ಮಾತ್ರ ಜೋರಾಗಿ ಹೊಳೆಯುತ್ತಿತ್ತು, ಅದೂ ನನಗಲ್ಲ, ಹಿಂದೆ ಮಂಚದ ಮೇಲೆ ಮಲಗಿದ್ದ ತಮ್ಮನಿಗೆ ಕಾಣುತ್ತಿತ್ತು. 14ನೇ ತಿಂಗಳಿಗೆ ಎಡಗಡೆಯ ಕೀಲು ಮುರಿಯಿತು. ವಾರಂಟಿ ಇದ್ದದ್ದು 12 ತಿಂಗಳು.

ಆಮೇಲೆ ನನಗೂ ಗೆಳೆಯರಿಗೂ ಅಂತ ಸಾಕಷ್ಟು ಹೆಡ್‌ಫೋನ್ ಆರಿಸಿದ್ದೇನೆ. ಹೆಚ್ಚಿನವರು ಆರಿಸುವ ಕ್ರಮವೇ ತಲೆಕೆಳಗು ಅನಿಸುತ್ತದೆ. ಮೊದಲು ಬ್ರ್ಯಾಂಡ್, ಆಮೇಲೆ ಡ್ರೈವರ್ (ಒಳಗೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಗಾತ್ರ, ಆಮೇಲೆ ದೀಪ, ಕೊನೆಗೆ ಉಳಿದರೆ ಕಿವಿ. ಇಲ್ಲಿ ಉಲ್ಟಾ ಹೋಗೋಣ. ನೀವು ಕೂರುವ ಕೋಣೆ, ಆಡುವ ಆಟ, ನಿಮ್ಮ ತಲೆ ಇವು ಮೊದಲು. ಡಬ್ಬದ ಮೇಲಿನ ಸಂಖ್ಯೆಗಳಿಗೆ ಕೊನೆಯ ಸಾಲು.

ಶುರು ಮಾಡುವ ಮುಂಚೆ: ದಿಕ್ಕು ಗೊತ್ತಾಗುವುದು ಹೇಗೆ?

ಇದೊಂದು ಅರ್ಥವಾದರೆ ಅರ್ಧ ಜಾಹೀರಾತುಗಳ ಬಣ್ಣ ತಾನಾಗಿ ಬಯಲಾಗುತ್ತದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಯಾವ ಕಡೆಯಿಂದ ಎಂದು ತಿರುಗಿ ನೋಡದೆಯೂ ಗೊತ್ತಾಗುತ್ತದಲ್ಲ? ಬಲಗಡೆಯ ಸದ್ದು ಬಲಕಿವಿಗೆ ಮೊದಲು ಮುಟ್ಟುತ್ತದೆ, ಎಡಕಿವಿಗೆ ಕೂದಲೆಳೆಯಷ್ಟು ತಡವಾಗಿ. ಆ ತಡ ಹೆಚ್ಚೆಂದರೆ 0.6ರಿಂದ 0.7 ಮಿಲಿಸೆಕೆಂಡ್. ನಡುವೆ ತಲೆ ಅಡ್ಡ ಇರುವುದರಿಂದ ಎಡಕಿವಿಗೆ ಸದ್ದು ಸ್ವಲ್ಪ ಕುಗ್ಗಿ, ಅದರ ಕೀರಲು ಅಂಶ ಇನ್ನಷ್ಟು ಕುಗ್ಗಿ ಬರುತ್ತದೆ. ಎಡ-ಬಲದ ತೀರ್ಮಾನ ಈ ಎರಡರಿಂದಲೇ. ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಇದನ್ನು 1907ರಲ್ಲೇ ವಿವರಿಸಿದ್ದರು.

ಹಿಂದೆ-ಮುಂದೆ, ಮೇಲೆ-ಕೆಳಗೆ ಎಂಬುದು ಮಾತ್ರ ಇಷ್ಟರಿಂದ ಬಗೆಹರಿಯುವುದಿಲ್ಲ. ನೇರ ಮುಂದಿನ ಸದ್ದೂ ನೇರ ಹಿಂದಿನ ಸದ್ದೂ ಎರಡು ಕಿವಿಗೂ ಒಟ್ಟಿಗೇ ಬರುತ್ತವೆ. ಅಲ್ಲಿ ಕೆಲಸಕ್ಕೆ ಬರುವುದು ಹೊರಕಿವಿಯ ಮಡಿಕೆಗಳು. ಪ್ರತಿ ದಿಕ್ಕಿನ ಸದ್ದಿಗೂ ಅವು ಬೇರೆ ಬೇರೆ ರುಚಿ ಹಚ್ಚುತ್ತವೆ. ಮೆದುಳು ಹುಟ್ಟಿದಾಗಿನಿಂದ ಆ ರುಚಿಗಳನ್ನು ಕಲಿತುಕೊಂಡಿದೆ.

ಹೆಡ್‌ಫೋನ್ ಹಾಕಿದರೆ ಸದ್ದು ಬರುವುದು ಕಿವಿಯ ಪಕ್ಕದಿಂದಲೇ. ಹಾಗಾಗಿ ಮಡಿಕೆಗಳು ಹಚ್ಚಬೇಕಿದ್ದ ರುಚಿಯನ್ನು ಆಟದ ಸಾಫ್ಟ್‌ವೇರೇ ಮೊದಲೇ ಲೆಕ್ಕ ಹಾಕಿ ಬೆರೆಸಿ ಕಳಿಸಬೇಕು. ಎಚ್‌ಆರ್‌ಟಿಎಫ್ ಎಂದು ಸೆಟ್ಟಿಂಗ್ಸ್‌ನಲ್ಲಿ ಕಾಣುವುದು ಇದೇ. ಈಗಿನ ಕೌಂಟರ್-ಸ್ಟ್ರೈಕ್ 2 ಅದನ್ನು ಒಳಗೇ ಇಟ್ಟುಕೊಂಡಿದೆ, ವ್ಯಾಲೊರೆಂಟ್‌ನಲ್ಲಿ ಆನ್ ಮಾಡಿಕೊಳ್ಳಬೇಕು, ಓವರ್‌ವಾಚ್‌ನಲ್ಲಿ ಹೆಡ್‌ಫೋನ್‌ಗೆಂದೇ ಡಾಲ್ಬಿ ಅಟ್ಮೋಸ್ ಆಯ್ಕೆ ಇದೆ. ಗಮನಿಸಿ, ಇದೆಲ್ಲ ನಡೆಯುವುದು ಆಟದ ಒಳಗೆ. ಹೊರಬರುವುದು ಎರಡೇ ಚಾನೆಲ್, ಮಾಮೂಲಿ ಸ್ಟೀರಿಯೋ. ನನ್ನ ಆ "7.1" ಹೆಡ್‌ಸೆಟ್ ಒಳಗೂ ಇದ್ದದ್ದು ಎಡಕ್ಕೊಂದು, ಬಲಕ್ಕೊಂದು ಡ್ರೈವರ್. ಉಳಿದದ್ದು ಕಂಪ್ಯೂಟರಿಗೆ ಹಾಕಿಕೊಳ್ಳುವ ಒಂದು ಸಾಫ್ಟ್‌ವೇರ್.

ಹಾಗಾದರೆ ಹೆಡ್‌ಫೋನಿನ ಕೆಲಸ ಏನು? ಆಟ ಕೊಟ್ಟ ಎರಡು ಚಾನೆಲನ್ನು ಕೆಡಿಸದೆ ಕಿವಿಗೆ ತಲುಪಿಸುವುದು. ಎಡ-ಬಲದ ಡ್ರೈವರ್ ಎರಡೂ ಒಂದೇ ಥರ ಇರಬೇಕು, ಹೆಜ್ಜೆ ಸದ್ದು ಮತ್ತು ಗನ್ನಿನ ರೀಲೋಡ್ ಕೂತಿರುವ ನಡು-ಮೇಲಿನ ಸ್ವರಗಳು ತಿಳಿಯಾಗಿರಬೇಕು, ಬೇಸ್ ಅವನ್ನು ನುಂಗಬಾರದು. ಅಂಗಡಿಯವನು ಕೇಳಿಸುವ ಬಾಂಬು ಇದರಲ್ಲಿ ಯಾವುದನ್ನೂ ಪರೀಕ್ಷಿಸುವುದಿಲ್ಲ.

ಹೆಜ್ಜೆ 1: ಕೋಣೆಯ ಸದ್ದು ಕೇಳಿ

ನೀವು ದಿನಾ ಆಡುವ ಹೊತ್ತಿಗೆ, ದಿನಾ ಕೂರುವ ಕುರ್ಚಿಯಲ್ಲಿ ಎರಡು ನಿಮಿಷ ಸುಮ್ಮನೆ ಕೂತುಕೊಳ್ಳಿ. ಫ್ಯಾನ್ ಎಷ್ಟರಲ್ಲಿದೆ? ಪಕ್ಕದ ಕೋಣೆಯಲ್ಲಿ ಧಾರಾವಾಹಿ ಓಡುತ್ತಿದೆಯಾ? ಕಿಟಕಿ ಆಚೆ ಮುಖ್ಯರಸ್ತೆಯಾ? ಗೇಮಿಂಗ್ ಲ್ಯಾಪ್‌ಟಾಪ್ ಆದರೆ ಅದರ ಫ್ಯಾನೇ ಗಿರಣಿಯ ಹಾಗೆ ಕೂಗುತ್ತಿರುತ್ತದೆ. ಹೊರದೇಶದ ವಿಮರ್ಶಕರ ವಿಡಿಯೋ ನೋಡಿ ಕೊಳ್ಳುವವರು ಎಡವುವುದು ಇಲ್ಲೇ. ಅವರು ಕೂತಿರುವುದು ಕಿಟಕಿ ಮುಚ್ಚಿದ, ಸೀಲಿಂಗ್ ಫ್ಯಾನ್ ಇಲ್ಲದ ಕೋಣೆಯಲ್ಲಿ.

ಏಕೆಂದರೆ ನಿಮ್ಮ ಮೊದಲ ಆಯ್ಕೆ ಇರುವುದು ಓಪನ್-ಬ್ಯಾಕ್ ಮತ್ತು ಕ್ಲೋಸ್ಡ್-ಬ್ಯಾಕ್ ನಡುವೆ. ಓಪನ್-ಬ್ಯಾಕ್‌ನಲ್ಲಿ ಕಪ್ಪಿನ ಹೊರಮೈ ಜಾಲರಿ. ಸದ್ದು ಹಿಂದಕ್ಕೂ ಹೊರಟುಹೋಗುವುದರಿಂದ ಒಳಗೆ ಪ್ರತಿಧ್ವನಿ ಕಡಿಮೆ, ಆಟದ ಜಾಗ ತಲೆಯ ಆಚೆಗೂ ಹರಡಿದ ಹಾಗೆ ಅನಿಸುತ್ತದೆ, ಕಿವಿಗೆ ಗಾಳಿಯೂ ಆಡುತ್ತದೆ. ಆದರೆ ಹೊರಗಿನದೆಲ್ಲ ಒಳಗೆ ಬರುತ್ತದೆ, ಒಳಗಿನದು ಹೊರಗೆ ಹೋಗುತ್ತದೆ. ರಾತ್ರಿ 11ಕ್ಕೆ ಪಕ್ಕದಲ್ಲಿ ಮಲಗಿದವರಿಗೆ ನಿಮ್ಮ ಮ್ಯಾಚ್‌ನ ಪೂರ್ತಿ ವರದಿ ಸಿಗುತ್ತದೆ. ಕ್ಲೋಸ್ಡ್-ಬ್ಯಾಕ್ ಗಟ್ಟಿ ಮುಚ್ಚಳದ್ದು. ಹೊರಗಿನ ಸದ್ದನ್ನು ತಡೆಯುತ್ತದೆ, ಬೇಸ್ ತುಂಬಿಕೊಂಡಿರುತ್ತದೆ, ಬೆವರು ಗ್ಯಾರಂಟಿ.

ನನ್ನ ಮನೆಯ ಲೆಕ್ಕ ಹೀಗಿದೆ. ಫ್ಯಾನ್ ರೆಗ್ಯುಲೇಟರ್ 3ರಲ್ಲಿದ್ದರೆ ಓಪನ್-ಬ್ಯಾಕ್‌ನಲ್ಲಿ ದೂರದ ಹೆಜ್ಜೆ ಕೇಳುತ್ತದೆ. 5ಕ್ಕೆ ಹಾಕಿದರೆ ಹೆಜ್ಜೆ ಗಾಳಿಯಲ್ಲಿ ಕರಗಿಹೋಗುತ್ತದೆ, ವಾಲ್ಯೂಮ್ ಏರಿಸಬೇಕಾಗುತ್ತದೆ. ಮೈಸೂರಿನ ಚಳಿಗಾಲಕ್ಕೆ ಓಪನ್-ಬ್ಯಾಕ್ ಸುಖ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಫ್ಯಾನ್ 5ಕ್ಕಿಂತ ಕೆಳಗೆ ಇಳಿಯುವ ಮಾತೇ ಇಲ್ಲ. ಅಲ್ಲಿ ಕ್ಲೋಸ್ಡ್-ಬ್ಯಾಕ್, ಆದರೆ ರೆಗ್ಸಿನ್ ಅಲ್ಲದ, ಬಟ್ಟೆಯ ಪ್ಯಾಡಿನದು.

ಮೂರನೆಯ ದಾರಿಯೊಂದಿದೆ, ಕಿವಿಯೊಳಗೆ ಕೂರುವ ತಂತಿಯ ಇಯರ್‌ಫೋನ್. ಬಳಗದವರ ಬಾಯಲ್ಲಿ ಐಇಎಂ. ಸರಿಯಾದ ಅಳತೆಯ ರಬ್ಬರ್ ತುದಿ ಹಾಕಿದರೆ ಫ್ಯಾನು ಮಾಯ, ಕಿವಿ ಬಿಸಿಯಾಗುವುದಿಲ್ಲ, ಕನ್ನಡಕಕ್ಕೂ ಅಡ್ಡಿಯಿಲ್ಲ. ದೊಡ್ಡ ಟೂರ್ನಮೆಂಟುಗಳ ವೇದಿಕೆಯಲ್ಲಿ ಆಟಗಾರರ ತಲೆ ಮೇಲೆ ದಪ್ಪ ಹೆಡ್‌ಸೆಟ್ ಕಾಣುತ್ತದಲ್ಲ, ಎಷ್ಟೋ ಸಲ ಆಟದ ಸದ್ದು ಕೇಳುತ್ತಿರುವುದು ಅದರಿಂದಲ್ಲ. ಒಳಗೆ ಇಯರ್‌ಫೋನ್ ಇರುತ್ತದೆ, ಮೇಲಿನ ಹೆಡ್‌ಸೆಟ್ ಪ್ರೇಕ್ಷಕರ ಗಲಾಟೆ ತಡೆಯಲು. ಜಾಹೀರಾತಿನ ಫೋಟೋದಲ್ಲಿ ಈ ವಿಷಯ ಇರುವುದಿಲ್ಲ.

ಹೆಜ್ಜೆ 2: ನೀವು ಆಡುವುದೇನು?

ವ್ಯಾಲೊರೆಂಟ್, ಕೌಂಟರ್-ಸ್ಟ್ರೈಕ್, ಪಬ್‌ಜಿ ಥರದ್ದಾದರೆ ದಿಕ್ಕೇ ಪ್ರಾಣ. ಬೇಸ್ ಹಿತಮಿತವಾಗಿರುವ, ತಿಳಿಯಾದ ಹೆಡ್‌ಫೋನ್ ಬೇಕು. ಕಥೆಯ ಆಟ, ರೇಸಿಂಗ್, ಜೊತೆಗೆ ಸಿನಿಮಾ ಮತ್ತು ಹಾಡು ಎಂದರೆ ಸ್ವಲ್ಪ ಬೆಚ್ಚನೆಯ ಬೇಸ್ ಇದ್ದರೇ ಮಜ. ಕ್ರಿಕೆಟ್, ಫುಟ್‌ಬಾಲ್ ಆಡುವವರಿಗೆ ಈ ಲೇಖನದ ಅರ್ಧ ಭಾಗ ಬೇಕಿಲ್ಲ. ತಲೆಗೆ ಹಗುರಾಗಿ ಕೂರುವ ಯಾವುದನ್ನಾದರೂ ತಗೊಳ್ಳಿ.

ಹೆಜ್ಜೆ 3: ತಂತಿಯೋ, ಡಾಂಗಲ್ಲೋ, ಬ್ಲೂಟೂತೋ

ಬ್ಲೂಟೂತನ್ನು ಮೊದಲೇ ಪಟ್ಟಿಯಿಂದ ತೆಗೆಯಿರಿ. ಕಾರಣ ಎರಡು. ಒಂದು, ವಿಳಂಬ. ಮಾಮೂಲಿ ಬ್ಲೂಟೂತ್‌ನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ 200 ಮಿಲಿಸೆಕೆಂಡ್ ಎಂದರೆ 12 ಫ್ರೇಮ್. ಗನ್ ಸಿಡಿದದ್ದು ಕಂಡ ಮೇಲೆ "ಢಂ" ಕೇಳುತ್ತದೆ. ಎರಡನೆಯದು ಇನ್ನೂ ತಮಾಷೆಯದು. ಹಾಡು ಕೇಳುವಾಗ ಚೆನ್ನಾಗಿದ್ದ ಅದೇ ಹೆಡ್‌ಫೋನ್, ಆಡುವಾಗ ಗೆಳೆಯರೊಡನೆ ಮಾತಾಡುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಮೈಕ್ ಆನ್ ಮಾಡಿದ ಕ್ಷಣ ಹಳೇ ಲ್ಯಾಂಡ್‌ಲೈನ್ ಫೋನಿನ ಹಾಗೆ ಗೊರಗೊರ ಅನ್ನತೊಡಗುತ್ತದೆ. ಕೆಟ್ಟುಹೋಯಿತು ಎಂದು ವಾಪಸ್ ಕಳಿಸುವವರನ್ನು ಕಂಡಿದ್ದೇನೆ. ಕೆಟ್ಟಿರುವುದಿಲ್ಲ. ಹಳೆಯ ಬ್ಲೂಟೂತ್ ವ್ಯವಸ್ಥೆಯಲ್ಲಿ ಒಳ್ಳೆಯ ಸ್ಟೀರಿಯೋ ಒಂದೇ ದಿಕ್ಕಿಗೆ ಹರಿಯುತ್ತದೆ. ಮೈಕ್ ಬೇಕೆಂದರೆ ಅದು ಫೋನ್ ಕರೆಯ ಮೋಡಿಗೆ ಇಳಿದು ಎರಡೂ ಕಿವಿಗೆ ಒಂದೇ ಸದ್ದು ಕಳಿಸುತ್ತದೆ. ದಿಕ್ಕು ಅಲ್ಲಿಗೆ ಮುಗಿಯಿತು. ಎಲ್‌ಇ ಆಡಿಯೋ ಎಂಬ ಹೊಸ ವ್ಯವಸ್ಥೆ ಇದನ್ನು ಸರಿಪಡಿಸುತ್ತದೆ, ಆದರೆ ಕಂಪ್ಯೂಟರ್ ಮತ್ತು ಹೆಡ್‌ಫೋನ್ ಎರಡರಲ್ಲೂ ಅದು ಇರಬೇಕು.

ವೈರ್‌ಲೆಸ್ ಬೇಕೇ ಬೇಕೆಂದರೆ ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಜ್‌ನದು ತಗೊಳ್ಳಿ. ವಿಳಂಬ ಸಾಮಾನ್ಯವಾಗಿ 20ರಿಂದ 40 ಮಿಲಿಸೆಕೆಂಡ್ ಒಳಗೆ, ಗೊತ್ತೇ ಆಗುವುದಿಲ್ಲ. ಡಾಂಗಲನ್ನು ಸಿಪಿಯು ಹಿಂದಿನ ಪೋರ್ಟಿಗೆ, ವೈಫೈ ಆಂಟೆನಾ ಪಕ್ಕಕ್ಕೆ ತುರುಕಬೇಡಿ. ಒಂದು ಗೇಣು ಉದ್ದದ ಎಕ್ಸ್‌ಟೆನ್ಶನ್ ಹಾಕಿ ಮೇಜಿನ ಮೇಲೆ ತನ್ನಿ, ಕಡಿತಗಳು ನಿಲ್ಲುತ್ತವೆ.

ಅದೇ ದುಡ್ಡಿಗೆ ತಂತಿಯದ್ದರಲ್ಲಿ ಒಳ್ಳೆಯ ಸದ್ದು ಸಿಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಟರಿ ಸಾಯುವ ಚಿಂತೆಯೂ ಇಲ್ಲ. ತಂತಿ ಕೊಳ್ಳುವಾಗ ಎರಡು ಸಣ್ಣ ವಿಷಯ ನೋಡಿ. ಕೇಬಲ್ ಬಿಚ್ಚಿ ಬದಲಿಸುವಂತಿರಲಿ, ಏಕೆಂದರೆ ಮೊದಲು ಸಾಯುವುದೇ ಕೇಬಲ್. ಇನ್ನೊಂದು, 3.5 ಎಂಎಂ ಪಿನ್. ಅದರ ಮೇಲೆ ಮೂರು ಕಪ್ಪು ಗೆರೆ ಇದ್ದರೆ ಮೈಕ್ ಅದರಲ್ಲೇ ಸೇರಿದೆ. ಡೆಸ್ಕ್‌ಟಾಪಿನಲ್ಲಿ ಮೈಕಿಗೂ ಸ್ಪೀಕರಿಗೂ ಬೇರೆ ಬೇರೆ ತೂತು ಇದ್ದರೆ ಸ್ಪ್ಲಿಟರ್ ಬೇಕು. ಡಬ್ಬದಲ್ಲಿ ಇದೆಯೋ ನೋಡಿಕೊಳ್ಳಿ. ಇದೊಂದು ತುಂಡು ವೈರಿಗಾಗಿ ಮತ್ತೆ ಎಸ್‌ಪಿ ರೋಡಿನ ಟ್ರಾಫಿಕ್‌ಗೆ ಹೋಗಿಬಂದವನು ನಾನು.

ಮುಂಭಾಗದ ಜ್ಯಾಕಿನಿಂದ ಮೌಸ್ ಆಡಿಸಿದಾಗೆಲ್ಲ ಚರಚರ ಸದ್ದು ಬರುತ್ತಿದ್ದರೆ ಹಿಂದಿನ ಜ್ಯಾಕ್ ಪ್ರಯತ್ನಿಸಿ, ಅಥವಾ ಒಂದು ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಕೂಡಲೇ ಮೈಕಿನ ಗುಂಯ್ ಅನ್ನುವುದು ನಿಂತರೆ ತಪ್ಪು ಹೆಡ್‌ಸೆಟ್‌ದಲ್ಲ, ಚಾರ್ಜರಿನದೋ ಮನೆಯ ಅರ್ಥಿಂಗಿನದೋ ಇರುತ್ತದೆ.

ಹೆಜ್ಜೆ 4: ತಲೆ, ಕಿವಿ, ಕನ್ನಡಕ

ಅಂಗಡಿಯಲ್ಲಿ ಅರ್ಧ ನಿಮಿಷ ಹಾಕಿದಾಗ ಎಲ್ಲವೂ ಮೆತ್ತಗೇ ಇರುತ್ತವೆ. ನಿಜ ಗೊತ್ತಾಗುವುದು ಎರಡನೇ ಗಂಟೆಯಲ್ಲಿ. ಮೊದಲು ನೆತ್ತಿಯ ಮೇಲೊಂದು ಬಿಂದು ಚುರುಗುಟ್ಟುತ್ತದೆ, ಆಮೇಲೆ ಕಿವಿಯ ಹಾಲೆ, ಆಮೇಲೆ ದವಡೆ. ಹಾಗಾಗಿ ತೂಕ ನೋಡಿ. ಲಾಜಿಟೆಕ್ ಜಿ435 165 ಗ್ರಾಂ, ರೇಜರ್ ಬ್ಲ್ಯಾಕ್‌ಶಾರ್ಕ್ ವಿ2 ಎಕ್ಸ್ ಮತ್ತು ಸೆನ್‌ಹೈಸರ್ ಎಚ್‌ಡಿ 560ಎಸ್ ತಲಾ 240 ಗ್ರಾಂ ಆಸುಪಾಸು. 350 ದಾಟಿದರೆ ತಲೆಪಟ್ಟಿ ಬಹಳ ಚೆನ್ನಾಗಿರಬೇಕು, ಇಲ್ಲವಾದರೆ ಕತ್ತು ದೂರು ಹೇಳುತ್ತದೆ. ಕಪ್ಪಿನ ಒಳಗಿನ ಆಳವನ್ನು ಬೆರಳಿಟ್ಟು ನೋಡಿ. ಕಿವಿ ಒಳಗಿನ ಬಟ್ಟೆಗೆ ತಾಗುತ್ತಿದ್ದರೆ ಇವತ್ತು ಸುಮ್ಮನಿದ್ದರೂ ನಾಳೆ ಉರಿಯುತ್ತದೆ.

ಕನ್ನಡಕದವರಿಗೆ ಒಂದು ವಿಶೇಷ ಕಷ್ಟ. ಕನ್ನಡಕದ ಕಡ್ಡಿ ಪ್ಯಾಡಿನ ಅಡಿ ಸಂದು ಮಾಡುತ್ತದೆ. ಆ ಸಂದಿನಲ್ಲಿ ಬೇಸ್ ಸೋರಿಹೋಗುತ್ತದೆ, ಹೊರಗಿನ ಸದ್ದು ನುಗ್ಗುತ್ತದೆ. ಅಂಗಡಿಯಲ್ಲಿ ಹಾಕಿ ನೋಡುವಾಗ ಕನ್ನಡಕ ತೆಗೆದು ಕೇಳಿ, ಹಾಕಿಕೊಂಡು ಕೇಳಿ. ವ್ಯತ್ಯಾಸ ದೊಡ್ಡದಿದ್ದರೆ ಬೇರೆಯದು ನೋಡಿ. ಗಟ್ಟಿ ಪ್ಯಾಡಿಗಿಂತ ಮೆತ್ತನೆಯ ವೆಲ್ವೆಟ್ ಪ್ಯಾಡ್ ಕಡ್ಡಿಯ ಸುತ್ತ ಚೆನ್ನಾಗಿ ಕೂರುತ್ತದೆ. ಹೆಡ್‌ಫೋನ್ ತುಂಬ ಬಿಗಿ ಎನಿಸಿದರೆ ಅದರ ಡಬ್ಬವನ್ನೇ ಎರಡು ಕಪ್ಪಿನ ನಡುವೆ ಸಿಕ್ಕಿಸಿ ಒಂದೆರಡು ರಾತ್ರಿ ಬಿಡಿ. ಲೋಹದ ಪಟ್ಟಿಯಾದರೆ ಸಡಿಲುತ್ತದೆ, ಪ್ಲಾಸ್ಟಿಕ್ ಪಟ್ಟಿಗೆ ಈ ಸಾಹಸ ಬೇಡ.

ಪ್ಯಾಡ್ ಬಗ್ಗೆ ಇನ್ನೊಂದು ಮಾತು. ಕರಾವಳಿಯ ಬೆವರಿಗೆ ಕೃತಕ ಚರ್ಮದ ಪ್ಯಾಡು ವರ್ಷ ಎರಡು ವರ್ಷಕ್ಕೆ ಈರುಳ್ಳಿ ಸಿಪ್ಪೆಯ ಹಾಗೆ ಏಳತೊಡಗುತ್ತದೆ, ಕಪ್ಪು ಚೂರುಗಳು ಕೆನ್ನೆಗೆ ಅಂಟುತ್ತವೆ. ನೀವು ಆರಿಸಿದ ಮಾಡೆಲ್ಲಿಗೆ ಬದಲಿ ಪ್ಯಾಡ್ ಸಿಗುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ಹುಡುಕಿ ನೋಡಿ. ಸಿಗದಿದ್ದರೆ ಆ ಹೆಡ್‌ಫೋನಿನ ಆಯಸ್ಸು ಪ್ಯಾಡಿನ ಆಯಸ್ಸೇ.

ಹೆಜ್ಜೆ 5: ಮೈಕ್

ಇಲ್ಲಿ ಎರಡು ಸಂಕ್ಷೇಪಗಳನ್ನು ಬೇರೆ ಮಾಡಿಕೊಳ್ಳಿ. ಎಎನ್‌ಸಿ ನಿಮ್ಮ ಕಿವಿಗೆ ಬರುವ ಗದ್ದಲ ಕಡಿಮೆ ಮಾಡುತ್ತದೆ. ಇಎನ್‌ಸಿ ನಿಮ್ಮ ಮೈಕಿನಿಂದ ಹೋಗುವ ಗದ್ದಲ ಕಡಿಮೆ ಮಾಡುತ್ತದೆ, ಅದರಿಂದ ಲಾಭ ಎದುರಿನವನಿಗೆ. ಅಗ್ಗದ ಡಬ್ಬಗಳ ಮೇಲೆ "ನಾಯ್ಸ್ ಕ್ಯಾನ್ಸಲಿಂಗ್" ಎಂದು ದಪ್ಪಗೆ ಬರೆದು, ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಇಎನ್‌ಸಿ ಎಂದಿರುತ್ತದೆ. ಕಿವಿಗೆ ಹೂ ಇಡುವುದು ಎಂದರೆ ಇದೇ.

ಕಪ್ಪಿನಲ್ಲೇ ಹುದುಗಿರುವ ಮೈಕಿಗಿಂತ ಬಾಯಿಯ ಹತ್ತಿರ ಬರುವ ಕಡ್ಡಿಮೈಕ್ ಯಾವತ್ತೂ ಮೇಲು. ಅದನ್ನು ಬಾಯಿಯ ಎದುರಿಗಲ್ಲ, ತುಟಿಯ ಅಂಚಿನಿಂದ ಎರಡು ಬೆರಳು ಪಕ್ಕಕ್ಕೆ ಇಡಿ. ಉಸಿರು ಮೈಕಿಗೆ ಬಡಿದು "ಭುಸ್" ಅನ್ನುವುದು ತಪ್ಪುತ್ತದೆ. ಕೊಂಡ ದಿನವೇ ವಾಯ್ಸ್ ರೆಕಾರ್ಡರ್ ತೆರೆದು ಒಂದೇ ವಾಕ್ಯವನ್ನು ಮೂರು ಸಲ ಹೇಳಿ: ಫ್ಯಾನ್ ಆಫ್, ಫ್ಯಾನ್ 5ರಲ್ಲಿ, ಆಮೇಲೆ ಫ್ಯಾನ್ ಜೊತೆ ಕೀಬೋರ್ಡ್ ಕುಟ್ಟುತ್ತಾ. ಮೂರನೆಯದರಲ್ಲಿ ಮಾತು ತಿಳಿದರೆ ಪಾಸು. ತಿಳಿಯದಿದ್ದರೂ ಗಾಬರಿ ಬೇಡ, ಡಿಸ್ಕಾರ್ಡ್‌ನಲ್ಲಿ ಗದ್ದಲ ಅಳಿಸುವ ಕ್ರಿಸ್ಪ್ (Krisp) ಇದೆ, ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಎನ್‌ವಿಡಿಯಾ ಬ್ರಾಡ್‌ಕಾಸ್ಟ್ ಇದೆ. ಸೀಲಿಂಗ್ ಫ್ಯಾನಿನ ಒಂದೇ ಸಮನೆ ಗಾಳಿಯನ್ನು ಎರಡೂ ಚೆನ್ನಾಗಿ ಒರೆಸುತ್ತವೆ. ಕುಕ್ಕರ್ ಸೀಟಿಗೆ ಮಾತ್ರ ಇನ್ನೂ ಮದ್ದಿಲ್ಲ.

ಕ್ಲೋಸ್ಡ್-ಬ್ಯಾಕ್ ಕೊಳ್ಳುವವರು ಸೈಡ್‌ಟೋನ್ ಇದೆಯೇ ಕೇಳಿ. ನಿಮ್ಮದೇ ದನಿಯನ್ನು ನಿಮ್ಮ ಕಿವಿಗೆ ಸಣ್ಣಗೆ ಕೇಳಿಸುವ ಸೌಲಭ್ಯ ಅದು. ಇಲ್ಲದಿದ್ದರೆ ನೀವು ಕಿರುಚುತ್ತಿರುವುದು ನಿಮಗೆ ಗೊತ್ತಾಗುವುದಿಲ್ಲ, ಬೀದಿಗೆಲ್ಲ ಗೊತ್ತಾಗುತ್ತದೆ.

ಹೆಜ್ಜೆ 6: ಈಗ ಡಬ್ಬ ಓದಿ

40 ಎಂಎಂಗಿಂತ 50 ಎಂಎಂ ಡ್ರೈವರ್ ಮೇಲು ಎಂಬುದು ಸುಳ್ಳು. ಗಾತ್ರ ವಿನ್ಯಾಸದ ಆಯ್ಕೆಯೇ ಹೊರತು ಗುಣಮಟ್ಟದ ಅಳತೆಯಲ್ಲ. "20ರಿಂದ 20,000 ಹರ್ಟ್ಜ್" ಎಂಬುದು ಮನುಷ್ಯನ ಕಿವಿಯ ಸಾಮಾನ್ಯ ಮಿತಿ. ಎಲ್ಲ ಹೆಡ್‌ಫೋನೂ ಅದನ್ನು ಹೇಳಿಕೊಳ್ಳುತ್ತವೆ. ಯಾವ ಸ್ವರ ಎಷ್ಟು ಜೋರು ಎಂದು ಹೇಳದ ಆ ಸಾಲು, "ಈ ಬಸ್ ಬೆಂಗಳೂರಿನಿಂದ ಬೀದರ್‌ವರೆಗೆ ಹೋಗುತ್ತದೆ" ಎಂದು ಹೇಳಿ ನಿಲ್ದಾಣಗಳ ಸುದ್ದಿ ಎತ್ತದ ಹಾಗೆ. ಬೇಕಿರುವುದು ಫ್ರೀಕ್ವೆನ್ಸಿ ರೆಸ್ಪಾನ್ಸ್ ಗ್ರಾಫು. ಅದನ್ನು ಡಬ್ಬದವರು ಕೊಡುವುದಿಲ್ಲ, ಅಳೆದು ನೋಡುವ ವಿಮರ್ಶಕರು ಕೊಡುತ್ತಾರೆ. ಗ್ರಾಫಿನಲ್ಲಿ ಎಡಗಡೆ ಗುಡ್ಡದ ಹಾಗೆ ಎದ್ದಿದ್ದರೆ ಬೇಸ್ ಹೆಜ್ಜೆಯನ್ನು ನುಂಗುತ್ತದೆ. ಎಡ-ಬಲ ಕಿವಿಯ ಎರಡು ಗೆರೆಗಳು ಒಂದರ ಮೇಲೊಂದು ಕೂತಿದ್ದರೆ ದಿಕ್ಕು ನೆಟ್ಟಗಿರುತ್ತದೆ. ಇಷ್ಟು ಓದಲು ಬಂದರೆ ಸಾಕು.

ದುಬಾರಿಯದಾದರೆ ಗ್ರಾಫು ಚೆನ್ನಾಗಿಯೇ ಇರುತ್ತದೆ ಎಂದು ನಂಬುವವರಿಗೆ ಒಂದು ಸುದ್ದಿ. 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನವೊಂದು 283 ಹೆಡ್‌ಫೋನ್‌ಗಳನ್ನು ಅಳೆದು, ಫ್ರೀಕ್ವೆನ್ಸಿ ರೆಸ್ಪಾನ್ಸಿಗೂ ಬೆಲೆಗೂ ಸಂಬಂಧ ಕಾಣಲಿಲ್ಲ ಎಂದಿತು. ದುಡ್ಡು ಹೆಚ್ಚಾದಾಗ ಕೀಲು, ಪ್ಯಾಡು, ವೈರ್‌ಲೆಸ್ಸು ಚೆನ್ನಾಗಬಹುದು. ಸದ್ದೂ ಚೆನ್ನಾಗುತ್ತದೆ ಎಂದು ಲೆಕ್ಕ ಹಾಕುವಂತಿಲ್ಲ.

ಓಮ್ (ವಿದ್ಯುತ್ತಿಗೆ ಒಡ್ಡುವ ತಡೆ) ಮತ್ತು ಸೆನ್ಸಿಟಿವಿಟಿ (ಇಂತಿಷ್ಟು ಶಕ್ತಿಗೆ ಎಷ್ಟು ಜೋರು) ಮಾತ್ರ ನಿಜಕ್ಕೂ ನೋಡಬೇಕಾದ ಸಂಖ್ಯೆಗಳು, ಅವನ್ನೂ ಜೋಡಿಯಾಗಿಯೇ ನೋಡಬೇಕು. ಉದಾಹರಣೆಗೆ ಆಡಿಯೋ-ಟೆಕ್ನಿಕಾ ಎಟಿಎಚ್-ಎಂ40ಎಕ್ಸ್ ಮತ್ತು ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ತಗೊಳ್ಳಿ. ಎರಡರ ಕಾಗದದಲ್ಲೂ 96 ಡೆಸಿಬೆಲ್ ಎಂದೇ ಇದೆ. ಆದರೆ ಮೊದಲನೆಯದು 35 ಓಮ್, ಎರಡನೆಯದರ ಜನಪ್ರಿಯ ರೂಪ 250 ಓಮ್. ಆ 96 ಎಂಬುದು ಒಂದು ಮಿಲಿವ್ಯಾಟ್ ಶಕ್ತಿಗೆ ಹೇಳಿದ ಲೆಕ್ಕ. ನಿಮ್ಮ ಜ್ಯಾಕ್ ಕೊಡುವುದು ವೋಲ್ಟೇಜ್. ಒಂದು ವೋಲ್ಟಿಗೆ ಬದಲಿಸಿ ನೋಡಿದರೆ ಮೊದಲನೆಯದು ಸುಮಾರು 110.5 ಡೆಸಿಬೆಲ್, ಎರಡನೆಯದು 102. ಒಂದೇ ಜ್ಯಾಕಿಗೆ ಹಾಕಿದರೆ 8.5 ಡೆಸಿಬೆಲ್ ಅಂತರ, ಅಂದರೆ ಕಿವಿಗೆ ಹೆಚ್ಚೂಕಡಿಮೆ ಅರ್ಧದಷ್ಟೇ ಜೋರು. 120 ಓಮ್‌ನ ಎಚ್‌ಡಿ 560ಎಸ್ ಒಂದು ವೋಲ್ಟಿಗೆ 110 ಕೊಡುತ್ತದೆ, ಲ್ಯಾಪ್‌ಟಾಪಿನಲ್ಲೇ ನಡೆದುಹೋಗುತ್ತದೆ. 250 ಓಮ್‌ನದ್ದು ಕೊಳ್ಳುವುದಾದರೆ ಒಂದು ಆಂಪ್ಲಿಫೈಯರಿಗೂ ದುಡ್ಡು ತೆಗೆದಿಡಿ. 32ರಿಂದ 80 ಓಮ್ ಒಳಗಿದ್ದರೆ ಸಾಮಾನ್ಯವಾಗಿ ಈ ತಲೆನೋವಿಲ್ಲ.

ಹೆಜ್ಜೆ 7: ದುಡ್ಡು

ಹಬ್ಬದ ಸೇಲ್‌ಗಳಲ್ಲಿ ಬೆಲೆ ಉಯ್ಯಾಲೆಯಾಡುತ್ತದೆ, ಹಾಗಾಗಿ ಇವು ಅಂದಾಜು ಮೆಟ್ಟಿಲುಗಳು. 2,000 ರೂಪಾಯಿ ಆಸುಪಾಸಿನಲ್ಲಿ "ಗೇಮಿಂಗ್" ಎಂದು ಬರೆದ ಯಾವ ಹೆಡ್‌ಸೆಟ್ಟನ್ನೂ ಮುಟ್ಟಬೇಡಿ ಎಂಬುದು ನನ್ನ ಸಲಹೆ. ಆ ದುಡ್ಡಿನಲ್ಲಿ ದೀಪ ಮತ್ತು ಸದ್ದು ಎರಡನ್ನೂ ಕೊಡಲು ಯಾರಿಗೂ ಆಗುವುದಿಲ್ಲ. ಮೂನ್‌ಡ್ರಾಪ್ ಚು ಅಥವಾ 7ಹರ್ಟ್ಜ್ ಝೀರೋ ಥರದ ತಂತಿಯ ಇಯರ್‌ಫೋನ್ ತಗೊಳ್ಳಿ, ಮೈಕಿರುವ ಕೇಬಲ್ಲಿನದು ಸಿಕ್ಕರೆ ಅದನ್ನೇ.

5,000 ಸುತ್ತಮುತ್ತ ಒಳ್ಳೆಯ ತಂತಿಯ ಹೆಡ್‌ಸೆಟ್ ಸಿಗುವ ಜಾಗ. ಹೈಪರ್‌ಎಕ್ಸ್ ಕ್ಲೌಡ್ ಸರಣಿ, ಬ್ಲ್ಯಾಕ್‌ಶಾರ್ಕ್ ವಿ2 ಎಕ್ಸ್ ಇಲ್ಲೇ ಓಡಾಡುತ್ತವೆ. ಹೆಚ್ಚಿನವರು ಇಲ್ಲಿಗೆ ನಿಲ್ಲಬಹುದು. 10,000 ದಾಟುವ ಮನಸ್ಸಿದ್ದರೆ ಕವಲು ದಾರಿ. ಒಂದು ಕಡೆ ಡಾಂಗಲ್‌ನ ವೈರ್‌ಲೆಸ್, ಹೈಪರ್‌ಎಕ್ಸ್ ಕ್ಲೌಡ್ ಆಲ್ಫಾ ವೈರ್‌ಲೆಸ್ ಒಂದು ಚಾರ್ಜಿಗೆ 300 ಗಂಟೆ ಎನ್ನುತ್ತದೆ. ಇನ್ನೊಂದು ಕಡೆ ಎಚ್‌ಡಿ 560ಎಸ್ ಥರದ ಓಪನ್-ಬ್ಯಾಕ್, ಜೊತೆಗೆ ಪ್ರತ್ಯೇಕ ಮೈಕ್. ಕೋಣೆ ಶಾಂತವಾಗಿದ್ದರೆ ನಾನು ಎರಡನೆಯ ಕಡೆಯವನು. ಡಿಟಿ 990 ಪ್ರೊದಲ್ಲಿ ಹೆಜ್ಜೆ ಸದ್ದು ಸೂಜಿಯ ಹಾಗೆ ಚುಚ್ಚಿ ಕೇಳುತ್ತದೆ, ನಿಜ. ಆದರೆ ಮೇಲಿನ ಸ್ವರಗಳ ಆ ಚೂಪು ಮೂರನೇ ಗಂಟೆಗೆ ಕಿವಿಯನ್ನೂ ಚುಚ್ಚುತ್ತದೆ.

ಹೆಜ್ಜೆ 8: ಮನೆಗೆ ತಂದ ಮೇಲೆ

ನನ್ನ ಹಳೇ 7.1 ಹೆಡ್‌ಸೆಟ್ಟಿನ ಕಥೆಗೆ ಒಂದು ಬಾಲವಿದೆ. ಅದನ್ನು ಬೈದುಕೊಂಡು ವರ್ಷ ಕಳೆದ ಮೇಲೆ ಗೊತ್ತಾಯಿತು, ಅರ್ಧ ತಪ್ಪು ನನ್ನದೇ. ಆಟ ತಾನೇ ದಿಕ್ಕಿನ ಲೆಕ್ಕ ಹಾಕಿ ಕಳಿಸುತ್ತಿತ್ತು. ಹೆಡ್‌ಸೆಟ್ಟಿನ ಸಾಫ್ಟ್‌ವೇರ್ ಅದರ ಮೇಲೆ ಇನ್ನೊಂದು ಸಲ ಲೆಕ್ಕ ಹಾಕುತ್ತಿತ್ತು. ಉಪ್ಪು ಹಾಕಿದ ಸಾರಿಗೆ ಅತ್ತೆಯೂ ಸೊಸೆಯೂ ಉಪ್ಪು ಹಾಕಿದ ಹಾಗೆ. 7.1 ಆಫ್ ಮಾಡಿದ ಕೂಡಲೇ ಹಿಂದೆ-ಮುಂದೆ ಗೊಂದಲ ಎಷ್ಟೋ ಕಡಿಮೆಯಾಯಿತು.

ಆದ್ದರಿಂದ ನಿಯಮ ಒಂದೇ: ದಿಕ್ಕಿನ ಲೆಕ್ಕ ಒಂದೇ ಕಡೆ ನಡೆಯಲಿ. ಆಟದಲ್ಲಿ ಎಚ್‌ಆರ್‌ಟಿಎಫ್ ಇದ್ದರೆ ಅದನ್ನು ಆನ್ ಇಡಿ, ಸ್ಪೀಕರ್ ಕಾನ್ಫಿಗರೇಶನ್ ಸ್ಟೀರಿಯೋ ಮಾಡಿ, ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಸ್ಪೇಷಿಯಲ್ ಸೌಂಡ್ ಆಫ್ ಮಾಡಿ. ಆಟದಲ್ಲಿ ಅಂಥದ್ದೇನೂ ಇಲ್ಲದಿದ್ದರೆ, ಆಟ 7.1 ಚಾನೆಲ್ ಕೊಡುವಂತಿದ್ದರೆ, ವಿಂಡೋಸ್ ಸೋನಿಕ್ ಪ್ರಯತ್ನಿಸಿ, ಅದು ಪುಕ್ಕಟೆ. ಡಾಲ್ಬಿ ಅಟ್ಮೋಸ್ ದುಡ್ಡಿನದು, ಟ್ರಯಲ್ ಇದೆ. ಕೌಂಟರ್-ಸ್ಟ್ರೈಕ್ 2ರ ಆಡಿಯೋ ಪುಟದಲ್ಲಿ ಇಕ್ಯೂ ಪ್ರೊಫೈಲ್ ಎಂದಿದೆ, ಯಾವ ಸ್ವರ ಏರಬೇಕು, ಯಾವುದು ಇಳಿಯಬೇಕು ಎಂಬ ಆಯ್ಕೆ ಅದು. ಬೇಸ್ ಹೆಚ್ಚಿರುವ ಹೆಡ್‌ಫೋನಾದರೆ ಅಲ್ಲಿ ಕ್ರಿಸ್ಪ್ (Crisp, ಡಿಸ್ಕಾರ್ಡ್‌ನದಲ್ಲ) ಆರಿಸಿ ನೋಡಿ.

ಬೇಸ್ ಇನ್ನೂ ಗುಡುಗುತ್ತಿದ್ದರೆ ಈಕ್ವಲೈಜರ್ ಎಪಿಒ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಳ್ಳಿ. ಆಟೋಇಕ್ಯೂ ಎಂಬ ಮುಕ್ತ ಯೋಜನೆ ಸಾವಿರಾರು ಮಾಡೆಲ್ಲುಗಳಿಗೆ ತಿದ್ದುಪಡಿ ಸಂಖ್ಯೆಗಳನ್ನು ಸಿದ್ಧ ಇಟ್ಟಿದೆ. ನಿಮ್ಮ ಮಾಡೆಲ್ ಹುಡುಕಿ ಅವನ್ನು ತುಂಬಿದರೆ ಆಯಿತು. ಹೊಸ ಹೆಡ್‌ಫೋನ್ ಕೊಳ್ಳುವ ಮುಂಚೆ ಹಳೆಯದಕ್ಕೇ ಒಮ್ಮೆ ಇದನ್ನು ಮಾಡಿ ನೋಡಿ, ಜೇಬು ಉಳಿದರೂ ಉಳಿಯಬಹುದು.

ಇನ್ನು ವಾಲ್ಯೂಮ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಸುರಕ್ಷಿತ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ. 83ಕ್ಕೆ 20 ಗಂಟೆ, 90ಕ್ಕೆ ಬರುವಷ್ಟರಲ್ಲಿ ಬರೀ 4 ಗಂಟೆ, ಅದೂ ವಾರಕ್ಕೆ. ಮಕ್ಕಳಿಗೆ ಮಿತಿ ಇನ್ನೂ ಕೆಳಗೆ, 75. ಗೇಮಿಂಗಿಗೆಂದೇ ಒಂದು ಸುರಕ್ಷಿತ ಆಲಿಸುವಿಕೆಯ ಮಾನದಂಡವನ್ನು ಸಂಸ್ಥೆ 2025ರ ಮಾರ್ಚ್‌ನಲ್ಲಿ ಹೊರತಂದಿದೆ. ನಮ್ಮ ಬಳಿ ಅಳೆಯುವ ಯಂತ್ರವಿಲ್ಲ, ಆದರೆ ಒಂದು ಉಪಾಯವಿದೆ. ಆಡುವ ಮುಂಚೆ ವಾಲ್ಯೂಮ್ ಗೊತ್ತುಮಾಡಿ, ಮಧ್ಯದಲ್ಲಿ ಏರಿಸಬೇಡಿ. ಕಿವಿ ದಣಿದಷ್ಟೂ ಜೋರು ಬೇಕೆನಿಸುತ್ತದೆ. ಆಟ ಮುಗಿಸಿ ಎದ್ದಾಗ ಕಿವಿಯಲ್ಲಿ ಸಣ್ಣಗೆ "ಕುಂಯ್" ಕೇಳಿದರೆ ಅವತ್ತು ಜಾಸ್ತಿಯಾಗಿದೆ. ದೂರದ ಹೆಜ್ಜೆಗಾಗಿ ಎಲ್ಲವನ್ನೂ ಏರಿಸುವ ಬದಲು ವಿಂಡೋಸ್‌ನ ಲೌಡ್‌ನೆಸ್ ಈಕ್ವಲೈಸೇಶನ್ ಹಾಕಿದರೆ ಸಣ್ಣ ಸದ್ದು ಏರುತ್ತದೆ, ಗ್ರೆನೇಡು ಇಳಿಯುತ್ತದೆ. ಸದ್ದು ಎಷ್ಟು ದೂರದ್ದು ಎಂಬ ಅಂದಾಜು ಸ್ವಲ್ಪ ಕೆಡುತ್ತದೆ, ಅದು ಅದರ ಬೆಲೆ.

ಹೆಜ್ಜೆ 9: ತಮ್ಮನ ಪರೀಕ್ಷೆ

ವಾಪಸ್ ಮಾಡುವ ಗಡುವು ಮುಗಿಯುವ ಮುಂಚೆ ಇದನ್ನು ಮಾಡಲೇಬೇಕು. ಡಬ್ಬ, ಬಿಲ್ಲು, ಒಳಗಿನ ಪ್ಲಾಸ್ಟಿಕ್ ಕವರ್ ಯಾವುದನ್ನೂ ಬಿಸಾಡಬೇಡಿ.

ಮೊದಲು 20ರಿಂದ 20,000 ಹರ್ಟ್ಜ್‌ವರೆಗೆ ಏರುವ ಸೈನ್ ಸ್ವೀಪ್ ಒಂದನ್ನು ಸಣ್ಣ ವಾಲ್ಯೂಮಿನಲ್ಲಿ ಹಾಕಿ. ಸದ್ದು ತಲೆಯ ನಟ್ಟನಡುವೆ ನಿಲ್ಲಬೇಕು. ಮಧ್ಯೆ ಎಲ್ಲೋ ಎಡಕ್ಕೆ ಬಲಕ್ಕೆ ವಾಲಿದರೆ ಎರಡು ಡ್ರೈವರ್‌ಗಳಿಗೆ ಹೊಂದಾಣಿಕೆಯಿಲ್ಲ. ತಳದಲ್ಲಿ ಗರಗರ ಅಂದರೆ ಏನೋ ಸಡಿಲವಿದೆ. ಎರಡಕ್ಕೂ ಮದ್ದು ವಾಪಸ್ ಕಳಿಸುವುದೇ. ಆದರೆ ಮೊದಲು ಹೆಡ್‌ಫೋನ್ ಎಡ-ಬಲ ತಿರುಗಿಸಿ ಹಾಕಿಕೊಂಡು ಇನ್ನೊಮ್ಮೆ ಕೇಳಿ. ವಾಲುವ ದಿಕ್ಕು ಬದಲಾಗದಿದ್ದರೆ ತೊಂದರೆ ಜ್ಯಾಕಿನದ್ದಲ್ಲ, ಹೆಡ್‌ಫೋನಿನದ್ದೂ ಅಲ್ಲ, ನಿಮ್ಮ ಕಿವಿಯದ್ದೇ ಇರಬಹುದು. ನನ್ನ ಎಡಕಿವಿಯ ಮೇಣ ಪತ್ತೆಯಾದದ್ದು ಹೀಗೆ.

ಆಮೇಲೆ ವ್ಯಾಲೊರೆಂಟ್ ಅಥವಾ ಕೌಂಟರ್-ಸ್ಟ್ರೈಕ್‌ನಲ್ಲಿ ಒಂದು ಖಾಸಗಿ ಮ್ಯಾಚ್ ತೆರೆಯಿರಿ. ತಮ್ಮನನ್ನೋ ಗೆಳೆಯನನ್ನೋ ಎದುರಾಳಿ ತಂಡಕ್ಕೆ ಹಾಕಿ, ನಿಮ್ಮ ಸುತ್ತ ಓಡಾಡಲು ಹೇಳಿ. ಮೆಲ್ಲಗೆ ನಡೆದರೆ ಸದ್ದೇ ಬರುವುದಿಲ್ಲ, ಓಡಬೇಕು. ನೀವು ಕಣ್ಣು ಮುಚ್ಚಿ, ಮೌಸ್ ಬಿಟ್ಟು, ಅವನು ನಿಂತ ಕಡೆಗೆ ಕೈ ತೋರಿಸಿ: ಮುಂದೆ, ಹಿಂದೆ, ಎಡ, ಬಲ, ಆಮೇಲೆ ಮೆಟ್ಟಿಲ ಮೇಲೆ. ಇಪ್ಪತ್ತು ಸಲ ಮಾಡಿ, ಸರಿ-ತಪ್ಪು ಬರೆದುಕೊಳ್ಳಿ. ಎಡ-ಬಲ ಒಂದೂ ತಪ್ಪಬಾರದು. ಹಿಂದೆ-ಮುಂದೆ ನಾಲ್ಕೈದು ತಪ್ಪಿದರೆ ಮಾಮೂಲು, ಒಂದು ವಾರ ಆಡಿದ ಮೇಲೆ ಕಿವಿ ಒಗ್ಗಿಕೊಳ್ಳುತ್ತದೆ. ಅರ್ಧಕ್ಕರ್ಧ ತಪ್ಪಿದರೆ ಸ್ಪೇಷಿಯಲ್ ಸೌಂಡ್ ಎಲ್ಲೋ ಇನ್ನೂ ಆನ್ ಇದೆಯೇ ನೋಡಿ, ಮತ್ತೆ ಇಪ್ಪತ್ತು ಸಲ. ಆಗಲೂ ಅದೇ ಕಥೆಯಾದರೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಡಬ್ಬ ಮುಚ್ಚಿ, ರಿಟರ್ನ್ ಒತ್ತಿ.

ನಾನು ಈಗ ಬಳಸುವ ಓಪನ್-ಬ್ಯಾಕ್ ಇಪ್ಪತ್ತಕ್ಕೆ ಹದಿನೇಳು ತೆಗೆದಿತ್ತು. ತಮ್ಮ ಕೊನೆಯ ಸುತ್ತಿನಲ್ಲಿ ಓಡುವುದನ್ನು ಬಿಟ್ಟು ಮೆಲ್ಲಗೆ ಬಂದು ಚಾಕು ಹಾಕಿದ, ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ.